ಹದಿನಾಲ್ಕು ಮಿಲಿಮೀಟರ್ ಎತ್ತರ

ಹೊಸ ಗಾಡಿ ಮನೆಗೆ ಬಂದು ಇನ್ನೂ ಮೂರು ವಾರ ಆಗಿರಲಿಲ್ಲ. ಹಾಸನದ ಒಂದು ಟೈರ್ ಅಂಗಡಿಯಲ್ಲಿ ಅದರ ನಾಲ್ಕು ಚಕ್ರಗಳನ್ನೂ ಬಿಚ್ಚಿಸಿ ಜಾಕಿಯ ಮೇಲೆ ನಿಲ್ಲಿಸಿದ್ದೆ. ಅಂಗಡಿಯ ಹುಡುಗ ಬಿಚ್ಚಿದ ಟೈರೊಂದನ್ನು ಉರುಳಿಸಿಕೊಂಡು ಬಂದು ಗೋಡೆಗೆ ಒರಗಿಸಿ, ಅಚ್ಚಿನಿಂದ ಹೊರಬರುವಾಗ ಹೊಸ ಟೈರಿನ ಮೈಮೇಲೆ ಉಳಿಯುವ ಸಣ್ಣ ಸಣ್ಣ ರಬ್ಬರ್ ಎಳೆಗಳನ್ನು ಬೆರಳಿನಿಂದ ಸವರಿ, “ಇದರ ಕೂದಲೇ ಇನ್ನೂ ಉದುರಿಲ್ಲವಲ್ಲ ಅಣ್ಣಾ, ಯಾಕೆ ಬಿಚ್ಚಿಸ್ತಾ ಇದ್ದೀರಿ?” ಎಂದು ಕೇಳಿದ. ಅವನಿಗೆ ಒಂದೇ ಮಾತಿನಲ್ಲಿ ಉತ್ತರ ಹೇಳಲು ನನ್ನಿಂದ ಆಗಲಿಲ್ಲ. ಆಗ ಹೇಳಲಾಗದೆ ಹೋದದ್ದನ್ನು ಈಗ ಸಾವಧಾನವಾಗಿ ಬರೆಯಲು ಕುಳಿತಿದ್ದೇನೆ.

ನಮ್ಮ ತೋಟ ಇರುವುದು ಸಕಲೇಶಪುರದಿಂದ ಬಿಸಿಲೆಯ ಕಡೆಗೆ ಹೋಗುವ ದಾರಿಯಲ್ಲಿ. ಡಾಂಬರು ರಸ್ತೆ ಮುಗಿದ ಮೇಲೆ ಎರಡು ಕಿಲೋಮೀಟರ್ ಮಣ್ಣಿನ ದಾರಿ, ನಡುವೆ ಒಂದು ಹಳ್ಳ, ಹಳ್ಳ ದಾಟಿದೊಡನೆ ಎಡಕ್ಕೆ ತಿರುಗಿ ಹತ್ತಬೇಕಾದ ಒಂದು ಏರು. ಬೇಸಿಗೆಯಲ್ಲಿ ಈ ದಾರಿಯಲ್ಲಿ ಯಾವ ಕಾರು ಬೇಕಾದರೂ ಬರುತ್ತದೆ. ಜೂನ್ ನಡುವಿನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಆ ಏರಿನ ಕೆಂಪು ಮಣ್ಣು ಸಾಬೂನಿನಂತಾಗಿ, ಹತ್ತಲು ಬಂದವರೆಲ್ಲರನ್ನೂ ಒಮ್ಮೆ ಕೆಳಗಿಳಿಸಿ ಕಳಿಸುತ್ತದೆ. ಅಪ್ಪನ ಕಾಲದಲ್ಲಿ ಈ ನಾಲ್ಕು ತಿಂಗಳು ಹಳೆಯ ಜೀಪಿನ ಹಿಂದಿನ ಚಕ್ರಗಳಿಗೆ ಕಬ್ಬಿಣದ ಚೈನು ಕಟ್ಟಿಯೇ ಇರುತ್ತಿತ್ತು.

ಇಪ್ಪತ್ತು ವರ್ಷ ಬೆಂಗಳೂರಿನಲ್ಲಿದ್ದು ತೋಟಕ್ಕೆ ಮರಳಿದ ನನಗೆ ಒಂದೇ ಗಾಡಿಯಿಂದ ಎರಡು ಕೆಲಸ ಆಗಬೇಕಿತ್ತು. ಅಮ್ಮನನ್ನು ಮಂಗಳೂರಿನ ಆಸ್ಪತ್ರೆಗೆ ನೆಮ್ಮದಿಯಾಗಿ ಕರೆದೊಯ್ಯಬೇಕು, ಕಣದಿಂದ ಮೆಣಸಿನ ಚೀಲಗಳನ್ನೂ ಹೊತ್ತು ಬರಬೇಕು. ಹಾಗಾಗಿ ಟೊಯೊಟಾ ಹೈಲಕ್ಸ್ ತೆಗೆದುಕೊಂಡೆ. ಜಗತ್ತಿನಲ್ಲಿ 1968ರಿಂದ ಇರುವ ಈ ಹೆಸರು ಭಾರತದ ಮಾರುಕಟ್ಟೆಗೆ ಬಂದದ್ದು 2022ರಲ್ಲಿ. ಇಲ್ಲಿ ಮಾರಾಟವಾಗುವ ಗಾಡಿಗಳು ಜೋಡಣೆಯಾಗುವುದು ನಮ್ಮ ಬಿಡದಿಯಲ್ಲೇ. ಪಿಕಪ್ ತೆಗೆದುಕೊಂಡೆ ಎಂದು ನೆಂಟರಿಗೆ ಫೋನಿನಲ್ಲಿ ತಿಳಿಸಿದಾಗ ನಮ್ಮ ಚಿಕ್ಕಮ್ಮ, “ಒಳ್ಳೆಯದಾಯ್ತು ಬಿಡು, ಬಾಡಿಗೆಗೂ ಬಿಡಬಹುದು” ಎಂದರು. ನಮ್ಮ ಕಡೆ ಪಿಕಪ್ ಎಂದರೆ ಬಾಳೆಗೊನೆ, ಸಿಮೆಂಟ್ ಚೀಲ, ಮದುವೆಯ ಪಾತ್ರೆ ಹೊತ್ತು ಓಡಾಡುವ ಬಿಳಿಯ ಬೊಲೆರೊ. ಐದು ಜನ ಕಾರಿನಂತೆ ಕೂರುವ, ಐದೂಕಾಲು ಮೀಟರಿಗೂ ಉದ್ದದ, ಬೆಲೆ ಹೇಳಿದರೆ ಮನೆಯವರೇ ಮಾತು ಬಿಡುವಂಥ ಪಿಕಪ್ಪೂ ಉಂಟು ಎಂದು ಅವರಿಗೆ ಒಪ್ಪಿಸುವುದು ಟೈರ್ ಅಂಗಡಿಯ ಹುಡುಗನಿಗೆ ಉತ್ತರ ಹೇಳುವುದಕ್ಕಿಂತ ಕಷ್ಟವಾಯಿತು.

ಗಾಡಿಯ ಜೊತೆಗೆ ಬಂದದ್ದು 265/60 ಆರ್ 18 ಅಳತೆಯ ಟೈರು. ಈ ಅಂಕಿಗಳನ್ನು ಬಿಡಿಸಿ ಓದುವುದನ್ನು ಒಮ್ಮೆ ಕಲಿತರೆ ಅಂಗಡಿಯವರ ಮಾತಿನ ಅರ್ಧ ಮಂಜು ಅಲ್ಲೇ ಕರಗುತ್ತದೆ. ಮೊದಲ ಅಂಕಿ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಆ ಅಗಲದ ಶೇಕಡಾ ಎಷ್ಟು ಎತ್ತರದ ಪಕ್ಕದ ಗೋಡೆ ಇದೆ ಎಂಬುದು. ಇಲ್ಲಿ 265ರ ಶೇ 60, ಅಂದರೆ 159 ಮಿ.ಮೀ. ಕೊನೆಯದು ರಿಮ್ಮಿನ ವ್ಯಾಸ, ಅದೊಂದು ಮಾತ್ರ ಇಂಚಿನಲ್ಲಿ. ಮೇಲೊಂದು ಕೆಳಗೊಂದು ಗೋಡೆ, ನಡುವೆ 18 ಇಂಚಿನ ರಿಮ್ಮು, ಎಲ್ಲ ಕೂಡಿದರೆ ಟೈರಿನ ಒಟ್ಟು ಎತ್ತರ 775 ಮಿ.ಮೀ. ಅಗಲಕ್ಕೆ ಮಿಲಿಮೀಟರು, ರಿಮ್ಮಿಗೆ ಇಂಚು, ನಡುವೆ ಶೇಕಡಾವಾರು — ಒಂದೇ ವಸ್ತುವಿಗೆ ಮೂರು ಬಗೆಯ ಅಳತೆ ಯಾಕೆ ಬಂತೋ, ಅಡಿಕೆಯನ್ನು ಕ್ವಿಂಟಾಲಿನಲ್ಲಿಯೂ ಕಾಫಿಯನ್ನು ಐವತ್ತು ಕೆ.ಜಿ. ಚೀಲದಲ್ಲಿಯೂ ಮಾರುವ ನಾವು ಕೇಳುವಂತಿಲ್ಲ.

ಆ ಟೈರಿನಲ್ಲಿ ದೋಷವೇನೂ ಇರಲಿಲ್ಲ. ಹೆದ್ದಾರಿಯಲ್ಲಿ ಸದ್ದಿಲ್ಲದೆ ಓಡುತ್ತಿತ್ತು. ಆದರೆ ನಮ್ಮ ದಾರಿಯಲ್ಲಿ ಏಳುವ ಜಲ್ಲಿ ಕಲ್ಲುಗಳು ಹರಿತವಾದವು. 18 ಇಂಚಿನ ರಿಮ್ಮಿಗೂ ಕಲ್ಲಿಗೂ ನಡುವೆ ಇರುವ ರಬ್ಬರು ಕಡಿಮೆ, ಅದರ ಮೈಮೇಲಿನ ಗೀರುಗಳು ಕೆಸರು ತುಂಬಿ ಎರಡೇ ಸುತ್ತಿಗೆ ಮುಚ್ಚಿಹೋಗುತ್ತಿದ್ದವು. ಟೈರು ಬದಲಿಸಬೇಕೆಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಎಷ್ಟು ದೊಡ್ಡದು ಎಂಬುದರಲ್ಲಿ ಮಾತ್ರ ಆಸೆಗೂ ಲೆಕ್ಕಕ್ಕೂ ಜಗಳ ಶುರುವಾಯಿತು.

ನನ್ನ ಆಸೆ 285/70 ಆರ್ 17ರ ಮೇಲಿತ್ತು. ಆಫ್‌ರೋಡ್ ಬಳಗದಲ್ಲಿ ಇದನ್ನು ‘ಮೂವತ್ತಮೂರು’ ಎನ್ನುತ್ತಾರೆ, ಎತ್ತರ ಸುಮಾರು 33 ಇಂಚು ಆಗುವುದರಿಂದ. ಈ ಟೈರು ಹಾಕಿದ ಪಿಕಪ್ಪಿನ ಚಿತ್ರ ನೋಡಿದವರಿಗೆ ಕಂಪನಿಯ ಟೈರಿನ ಗಾಡಿ ಅಣ್ಣನ ಅಂಗಿ ತೊಟ್ಟ ತಮ್ಮನಂತೆ ಕಾಣುತ್ತದೆ: ಚಕ್ರದ ಗೂಡು ದೊಡ್ಡದು, ಒಳಗಿರುವ ಚಕ್ರ ಚಿಕ್ಕದು. ಮೂಡಿಗೆರೆ ಕಡೆಯ ಗೆಳೆಯನೊಬ್ಬನ ಫಾರ್ಚೂನರ್‌ಗೆ ಇದೇ ಅಳತೆಯ ಟೈರುಗಳಿದ್ದವು. ಎರಡೂ ಗಾಡಿಗಳ ಬುನಾದಿ ಒಂದೇ ಆದ್ದರಿಂದ ಆರು ನಟ್ಟಿನ ರಿಮ್ಮು ಅದಕ್ಕೂ ಇದಕ್ಕೂ ಕೂರುತ್ತದೆ. ಹಣ ಸುರಿಯುವ ಮೊದಲು ಎರಡು ಚಕ್ರ ಕೊಟ್ಟು ನೋಡು ಎಂದು ಅವನನ್ನು ಬೇಡಿಕೊಂಡೆ. ಅವನು ಚಕ್ರಗಳ ಜೊತೆಗೆ ಒಂದು ಉಪಾಯವನ್ನೂ ಕೊಟ್ಟ.

ಆ ಉಪಾಯ ಸರಳ. ಮುಂದಿನ ಎರಡು ಟೈರುಗಳ ಅಂಚಿಗೆ ಎಲೆ ಅಡಿಕೆಯ ಸುಣ್ಣವನ್ನು ನೀರಿನಲ್ಲಿ ಕದಡಿ ಬಳಿಯುವುದು. ಸುಣ್ಣ ಹಸಿಯಾಗಿರುವಾಗಲೇ ಸ್ಟಿಯರಿಂಗನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ಮುಂದೆ ಹಿಂದೆ ಓಡಿಸುವುದು. ಆಮೇಲೆ ಒಂದು ಚಕ್ರವನ್ನು ಕಲ್ಲಿನ ಮೇಲೆ ಹತ್ತಿಸಿ, ಸ್ಪ್ರಿಂಗು ಒತ್ತಿಕೊಂಡಿರುವಾಗ ಮತ್ತೊಮ್ಮೆ ಹಾಗೆಯೇ ತಿರುಗಿಸುವುದು. ಕಣದ ಮೂಲೆಯಲ್ಲಿ ಇದನ್ನೆಲ್ಲ ಮಾಡಿ ಟಾರ್ಚು ಹಿಡಿದು ಗೂಡಿನೊಳಗೆ ತಲೆ ಹಾಕಿದೆ. ಸಮನೆಲದಲ್ಲಿ ತಿರುಗಿಸಿದಾಗ ಕಪ್ಪು ಪ್ಲಾಸ್ಟಿಕ್ ಹೊದಿಕೆಯ ಹಿಂಭಾಗದ ಕೆಳತುದಿಯಲ್ಲಿ ಹೆಬ್ಬೆರಳಿನಷ್ಟು ಬಿಳಿ ಗುರುತು ಬಿದ್ದಿತ್ತು. ಕಲ್ಲು ಹತ್ತಿದಾಗ ಅದು ಅಂಗೈಯಷ್ಟಾಗಿತ್ತು, ಅದರ ಹಿಂದೆ ಪ್ಲಾಸ್ಟಿಕ್ಕಿನಾಚೆ ಕೈಗೆ ತಾಗಿದ್ದು ಕ್ಯಾಬಿನ್ನನ್ನು ಚಾಸಿಗೆ ಹಿಡಿದಿಡುವ ಕಬ್ಬಿಣದ ಮೂಲೆ. ಪ್ಲಾಸ್ಟಿಕ್ಕನ್ನು ಬಿಸಿ ಮಾಡಿ ಹಿಂದಕ್ಕೆ ಬಗ್ಗಿಸಬಹುದು, ಸ್ವಲ್ಪ ಕತ್ತರಿಸಲೂಬಹುದು. ಆ ಕಬ್ಬಿಣವನ್ನು ಕೊಯ್ದು ಮತ್ತೆ ಬೆಸುಗೆ ಹಾಕುವವರೂ ಇದ್ದಾರೆ. ನೋಂದಣಿಯ ಶಾಯಿ ಆರದ ಗಾಡಿಯ ಚಾಸಿಗೆ ಗ್ರೈಂಡರ್ ಇಡಲು ನನಗೆ ಮನಸ್ಸಾಗಲಿಲ್ಲ.

ಗೆಳೆಯನ ಗಾಡಿಗೆ ಇದು ತಾಗುವುದಿಲ್ಲ, ಅವನು ಎರಡು ಇಂಚು ಲಿಫ್ಟ್ ಮಾಡಿಸಿದ್ದಾನೆ. ಲಿಫ್ಟ್ ಎಂದರೆ ಉದ್ದನೆಯ ಸ್ಪ್ರಿಂಗು ಹಾಕಿ ಗಾಡಿಯನ್ನು ಎತ್ತುವುದು. ನನ್ನ ಗಾಡಿಯ ಹಿಂದೆ ಕಮಾನ್ ಪಟ್ಟೆಗಳಿರುವುದರಿಂದ ಅಲ್ಲಿ ಕೆಲಸ ಸುಲಭ, ಮುಂದೆ ಅಷ್ಟು ಸುಲಭವಲ್ಲ. ಮುಂದಿನ ಚಕ್ರ ಎರಡು ತೋಳುಗಳ ನಡುವೆ ತೂಗುವುದರಿಂದ ಗಾಡಿಯ ಮೈ ಮೇಲೆದ್ದಷ್ಟೂ ಆ ತೋಳುಗಳು ಕೆಳಕ್ಕೆ ಬಾಗುತ್ತವೆ, ಚಕ್ರಕ್ಕೆ ಶಕ್ತಿ ಒಯ್ಯುವ ಆ್ಯಕ್ಸಲ್ಲಿನ ಕೀಲು ಓರೆಯಾಗಿ ತಿರುಗಬೇಕಾಗುತ್ತದೆ, ಚಕ್ರದ ಓರೆ ಬದಲಾಗಿ ಸ್ಟಿಯರಿಂಗು ತಾನಾಗಿ ನೇರಕ್ಕೆ ಮರಳುವ ಗುಣ ಮಂಕಾಗುತ್ತದೆ. ಅದನ್ನು ಸರಿಪಡಿಸಲು ಮೇಲಿನ ತೋಳುಗಳನ್ನೇ ಬದಲಿಸಬೇಕು. ಟೈರಿನಿಂದ ಹೊರಟವರು ಸ್ಪ್ರಿಂಗಿಗೆ, ಸ್ಪ್ರಿಂಗಿನಿಂದ ತೋಳಿಗೆ, ತೋಳಿನಿಂದ ಕೀಲಿಗೆ — ಹೊಸ ಬೀಗರು ತಂದ ನೆಂಟಸ್ತಿಕೆಯಂತೆ ಒಬ್ಬೊಬ್ಬರಾಗಿ ಮನೆಗೆ ಬರುತ್ತಾರೆ, ಯಾರನ್ನೂ ಬರಬೇಡಿ ಎನ್ನುವಂತಿಲ್ಲ.

ನನ್ನ ಮನಸ್ಸನ್ನು ನಿಜವಾಗಿ ತಿರುಗಿಸಿದ್ದು ಸುಣ್ಣದ ಗುರುತಲ್ಲ, ಕಾಫಿ ತೂಗುವ ತಕ್ಕಡಿ. ಚಕ್ರಗಳು ಹೇಗೂ ಕಣದಲ್ಲೇ ಬಿದ್ದಿದ್ದವಲ್ಲ, ಒಂದೊಂದನ್ನಾಗಿ ತೂಗಿ ನೋಡಿದೆ. ಕಂಪನಿಯ ಚಕ್ರ ರಿಮ್ಮು ಸಮೇತ 29 ಕೆ.ಜಿ. ಗೆಳೆಯನ ಮೂವತ್ತಮೂರರ ಚಕ್ರ 38 ಕೆ.ಜಿ. ದಾಟಿ ನಿಂತಿತು. ತೋಟದ ಲೆಕ್ಕ ಬರೆಯುವ ನಮ್ಮ ರೈಟರು ಅಭ್ಯಾಸಬಲದಿಂದ “ಚೀಲದ ತೂಕ ಕಳೆಯಬೇಕಾ?” ಎಂದು ಕೇಳಿದರು. ಚಕ್ರವೊಂದಕ್ಕೆ ಒಂಬತ್ತು ಕೆ.ಜಿ. ಎಂದರೆ ಐದು ಚಕ್ರಕ್ಕೆ ನಲವತ್ತೈದು. ಆ ಭಾರವಾದರೂ ಎಲ್ಲಿರುತ್ತದೆ? ಸೀಟಿನ ಮೇಲಲ್ಲ, ಸ್ಪ್ರಿಂಗಿನ ಕೆಳಗೆ, ಅದರಲ್ಲೂ ಬಹುಪಾಲು ತಿರುಗುವ ಚಕ್ರದ ಹೊರ ಅಂಚಿನಲ್ಲಿ. ಬಾವಿಯ ರಾಟೆಯನ್ನು ತಿರುಗಿಸಿದವರಿಗೆ ಗೊತ್ತು: ಅಂಚು ಭಾರವಾದ ಚಕ್ರವನ್ನು ಹೊರಡಿಸುವುದೂ ಕಷ್ಟ, ಹೊರಟ ಮೇಲೆ ನಿಲ್ಲಿಸುವುದೂ ಕಷ್ಟ. ಶಿರಾಡಿ ಘಾಟಿಯಲ್ಲಿ ಮಳೆಯ ನಡುವೆ, ಮುಂದೆ ಒಂದು ಟ್ಯಾಂಕರು ಹಿಂದೆ ಒಂದು ಬಸ್ಸು ಇಟ್ಟುಕೊಂಡು ಇಳಿಯುವಾಗ ಬ್ರೇಕಿನ ಮೇಲೆ ಬೀಳುವ ಹೆಚ್ಚುವರಿ ಕೆಲಸ ಇದೇ.

ಇದರ ಮೇಲೆ ಗೇರಿನ ಲೆಕ್ಕ ಬೇರೆ. ಮೂವತ್ತಮೂರರ ಟೈರಿನ ಎತ್ತರ 831 ಮಿ.ಮೀ., ಕಂಪನಿಯದಕ್ಕಿಂತ ಶೇ 7ರಷ್ಟು ಹೆಚ್ಚು. ಎಂಜಿನ್ನು ಅದೇ 2.8 ಲೀಟರಿನದು, ಚಕ್ರ ದೊಡ್ಡದಾದಷ್ಟೂ ನೆಲವನ್ನು ತಳ್ಳುವ ಬಲ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ನನ್ನದು ಮ್ಯಾನುಯಲ್ ಗೇರಿನದು, ಟಾರ್ಕು, ಅಂದರೆ ಎಂಜಿನ್ನಿನ ತಿರುಗಿಸುವ ಬಲ, 420 ನ್ಯೂಟನ್ ಮೀಟರ್, ಆಟೊಮ್ಯಾಟಿಕ್‌ನಲ್ಲಿ 500. ಶಕ್ತಿಗೆ ಬರವಿಲ್ಲ ಎನ್ನಿ, ಆದರೂ ಎರಡನೆಯ ಗೇರಿನಲ್ಲಿ ಏರುತ್ತಿದ್ದ ತಿರುವಿನಲ್ಲಿ ಮೊದಲ ಗೇರಿಗೆ ಇಳಿಯಬೇಕಾಗಿ ಬಂದರೆ ಕ್ಲಚ್ಚಿನ ಆಯಸ್ಸನ್ನು ಯಾರು ಕೊಡುತ್ತಾರೆ? ಇಷ್ಟೆಲ್ಲ ಮಾಡಿ ಗಾಡಿಯ ಹೊಟ್ಟೆ ನೆಲದಿಂದ ಮೇಲೇಳುವುದು ಎಷ್ಟು ಎಂದರೆ, ಹೆಚ್ಚಿದ 56 ಮಿಲಿಮೀಟರಿನ ಅರ್ಧ, 28. ಟೈರು ಮೇಲಕ್ಕೆಷ್ಟು ಬೆಳೆಯಿತೋ ಕೆಳಕ್ಕೂ ಅಷ್ಟೇ. ಆ್ಯಕ್ಸಲ್ಲು ಇರುವುದು ನಟ್ಟನಡುವೆ. ಈ ಅರ್ಧದ ಮಾತನ್ನು ಟೈರು ಮಾರುವವರು ಯಾರೂ ತಾವಾಗಿ ಹೇಳಿದ್ದನ್ನು ನಾನು ಕೇಳಿಲ್ಲ.

ಕೊನೆಗೆ ನಾನು ನಿಂತದ್ದು 265/70 ಆರ್ 17ರಲ್ಲಿ. ಹೈಲಕ್ಸಿನ ಕೆಳಗಿನ ಮಾದರಿಗೆ ಕಂಪನಿಯೇ 17 ಇಂಚಿನ ರಿಮ್ಮು ಕೊಡುತ್ತದೆ, ಆದ್ದರಿಂದ ಬ್ರೇಕಿನ ಕ್ಯಾಲಿಪರಿಗೆ ರಿಮ್ಮು ತಾಗೀತೆಂಬ ಭಯವಿಲ್ಲ. ಟೈರಿನ ಅಗಲ ಮೊದಲಿನಷ್ಟೇ, ಎತ್ತರ 803 ಮಿ.ಮೀ. ರಿಮ್ಮು ಒಂದು ಇಂಚು ಕುಗ್ಗಿ ರಬ್ಬರಿನ ಗೋಡೆ 159ರಿಂದ 185 ಮಿಲಿಮೀಟರಿಗೆ ಬೆಳೆದದ್ದೇ ಇಲ್ಲಿ ನಿಜವಾದ ಲಾಭ. ಗಾಳಿ ಇಳಿಸಿದಾಗ ಬಾಗಲು, ಕಲ್ಲಿನ ಪೆಟ್ಟು ನುಂಗಲು ಅಷ್ಟು ಜಾಗ ಸಿಕ್ಕಿತು. ತೂಕ 31 ಕೆ.ಜಿ. ಚಿಲ್ಲರೆ. ಸುಣ್ಣ ಬಳಿದು ನೋಡಿದೆ, ಎಲ್ಲಿಯೂ ತಾಗಲಿಲ್ಲ. ಗಾಡಿ ಎದ್ದದ್ದು ಹದಿನಾಲ್ಕು ಮಿಲಿಮೀಟರ್. ಗೆಳೆಯ ಬಂದು ಸುತ್ತ ಒಂದು ಬಾರಿ ನೋಡಿ, “ಬದಲಾಯಿಸಿದ್ದೀಯೋ, ಇಲ್ಲ ತೊಳೆದಿದ್ದೀಯೋ?” ಎಂದು ಕೇಳಿದ.

ಟೈರಿನ ಮೈಯ ವಿಷಯದಲ್ಲಿಯೂ ಹೀಗೇ ಒಂದು ಮೆಟ್ಟಿಲು ಕೆಳಗಿಳಿದೆ. ಹೆದ್ದಾರಿಯ ಟೈರು, ಎಲ್ಲ ನೆಲಕ್ಕೂ ಆಗುವ ಎ.ಟಿ., ಕೆಸರಿಗೆಂದೇ ಮಾಡಿದ ಎಂ.ಟಿ. ಎಂದು ಮೂರು ಬಗೆ. ನಮ್ಮ ಕಡೆ ಎಂ.ಟಿ.ಯ ಹಳೆಯ ಹೆಸರು ಬಟನ್ ಟೈರು. ದೊಡ್ಡ ದೊಡ್ಡ ರಬ್ಬರ್ ಗಟ್ಟಿಗಳು, ನಡುವೆ ಕೆಸರನ್ನು ಎಸೆದು ಖಾಲಿಯಾಗುವಷ್ಟು ಅಗಲದ ಜಾಗ. ಕೆಸರಿನಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ನನ್ನ ಓಡಾಟದ ಹತ್ತರಲ್ಲಿ ಒಂಬತ್ತು ಪಾಲು ಒದ್ದೆ ಡಾಂಬರಿನ ಮೇಲೆ, ಅಲ್ಲಿ ನೆಲಕ್ಕೆ ತಾಗುವ ರಬ್ಬರು ಕಡಿಮೆಯಾದಷ್ಟೂ ಬ್ರೇಕಿನ ಹಿಡಿತ ಕಡಿಮೆ, ಜೊತೆಗೆ ಅರವತ್ತು ಕಿಲೋಮೀಟರ್ ವೇಗ ದಾಟಿದರೆ ಜೇನುಗೂಡಿನ ಪಕ್ಕ ಕೂತಂತೆ ಸದ್ದು. ಅಮ್ಮನಿಗೆ ಕಿವಿ ಮಂದವಾಗಿದೆ, ಆಸ್ಪತ್ರೆಗೆ ಹೋಗುವ ಮೂರು ಗಂಟೆ ಅವರ ಜೊತೆ ಮಾತಾಡಬೇಕು. ಎ.ಟಿ. ಸಾಕೆಂದು ಒಪ್ಪಿಕೊಂಡೆ. ಟೈರಿನ ಪಕ್ಕದಲ್ಲಿ ಅಳತೆಯ ಆಚೆಗೆ ಅಚ್ಚಾಗಿರುವ ಅಂಕಿ ಮತ್ತು ಅಕ್ಷರವನ್ನು ಮಾತ್ರ ಕೊಳ್ಳುವ ಮೊದಲು ಓದಿಯೇ ತೀರಬೇಕು. ಅಂಕಿ ಹೊರುವ ಭಾರದ ಸಂಕೇತ: 110 ಎಂದಿದ್ದರೆ ಒಂದು ಟೈರು 1,060 ಕೆ.ಜಿ., 115 ಎಂದಿದ್ದರೆ 1,215 ಕೆ.ಜಿ. ಅಕ್ಷರ ವೇಗದ ಮಿತಿ: ಕ್ಯೂ ಎಂದರೆ ಗಂಟೆಗೆ 160 ಕಿ.ಮೀ., ಎಸ್ ಎಂದರೆ 180. ಇವೆರಡೂ ಗಾಡಿಯ ಮೂಲ ಟೈರಿಗಿಂತ ಕೆಳಗಿದ್ದರೆ, ನೋಡಲು ಎಷ್ಟೇ ದಪ್ಪವಿರಲಿ, ಬೇಡವೆಂದು ಎದ್ದು ಬರಬೇಕು.

ಅಗಲದ ಬಗ್ಗೆ ಒಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ಅಪ್ಪನ ಜೀಪಿನ ಟೈರು 6.00-16, ಅಂದರೆ ಅಗಲ ಆರೇ ಇಂಚು. ನನ್ನದು ಹತ್ತು ಇಂಚಿಗೂ ಮೇಲೆ. ಅಗಲವಾದ ಟೈರು ಮೆತ್ತನೆಯ ಮರಳಿನ ಮೇಲೆ ಮುಳುಗದೆ ತೇಲುತ್ತದೆ, ನಿಜ. ಆದರೆ ನಮ್ಮ ಏರಿನಲ್ಲಿರುವುದು ಮೇಲೆ ನಾಲ್ಕು ಬೆರಳು ಲೋಳೆ, ಕೆಳಗೆ ಗಟ್ಟಿ ನೆಲ. ಅಲ್ಲಿ ಬೇಕಾದದ್ದು ಲೋಳೆಯನ್ನು ಕೊಯ್ದು ಕೆಳಗಿನ ಗಟ್ಟಿಯನ್ನು ಮುಟ್ಟುವ ಸಪೂರ ಟೈರು. ಆ ಜೀಪು ಚೈನು ಕಟ್ಟಿಕೊಂಡು ಗೊಣಗುತ್ತ ಹತ್ತಿಹೋಗುತ್ತಿದ್ದ ಜಾಗದಲ್ಲಿ ಅದರ ಎರಡರಷ್ಟು ಭಾರದ ನನ್ನ ಗಾಡಿ ಮೇಲೆಯೇ ತೇಲಿ ಪಕ್ಕಕ್ಕೆ ಜಾರುತ್ತದೆ. ಅಗಲವನ್ನು 285ಕ್ಕೆ ಏರಿಸದೆ 265ರಲ್ಲಿಯೇ ಉಳಿಸಿದ್ದಕ್ಕೆ ಇದೂ ಒಂದು ಕಾರಣ. ಇನ್ನೂ ಸಪೂರದ್ದು ಸಿಕ್ಕಿದ್ದರೆ ಅದನ್ನೇ ಹಾಕಿಸುತ್ತಿದ್ದೆನೋ ಏನೋ. ಆಗ ಗೆಳೆಯ ಗಾಡಿ ನೋಡಲೂ ಬರುತ್ತಿರಲಿಲ್ಲ.

ಐದನೆಯ ಟೈರಿನ ವಿಷಯದಲ್ಲಿ ಜಿಪುಣತನ ಮಾಡಬಾರದೆಂದು ಕೇಳಿದವರಿಗೆಲ್ಲ ಹೇಳುತ್ತೇನೆ. ನಾಲ್ಕು ಹೊಸದು ಹಾಕಿಸಿ ಸ್ಟೆಪ್ನಿಯಾಗಿ ಹಳೆಯದನ್ನೇ ಉಳಿಸಿಕೊಂಡರೆ ಹದಿನೈದು ಸಾವಿರ ಉಳಿಯುತ್ತದೆ ಎಂಬ ಆಸೆ ನನಗೂ ಇತ್ತು. ಈ ಗಾಡಿಯಲ್ಲಿ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ 4ಎಚ್ ಹಾಕಿದಾಗ ಮುಂದಿನ ಮತ್ತು ಹಿಂದಿನ ಆ್ಯಕ್ಸಲ್ಲುಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ, ನಡುವೆ ವ್ಯತ್ಯಾಸ ನುಂಗುವ ಡಿಫರೆನ್ಷಿಯಲ್ ಇಲ್ಲ. ಒಂದು ಮೂಲೆಯಲ್ಲಿ ಚಿಕ್ಕ ಚಕ್ರವಿದ್ದರೆ ಅದು ಪ್ರತಿ ಸುತ್ತಿಗೂ ಸ್ವಲ್ಪ ಸ್ವಲ್ಪ ಹಿಂದುಳಿಯುತ್ತದೆ, ಹಿಂದುಳಿದದ್ದೆಲ್ಲ ಗೇರುಗಳ ಮೇಲೆ ತಿರುಚಾಗಿ ಸೇರುತ್ತ ಹೋಗುತ್ತದೆ. ಟೈರು ಪಂಚರಾಗುವುದು ಕೆಟ್ಟ ದಾರಿಯಲ್ಲೇ, ನಾಲ್ಕೂ ಚಕ್ರಕ್ಕೆ ಶಕ್ತಿ ಬೇಕಾಗುವುದೂ ಅಲ್ಲೇ. ಸ್ಟೆಪ್ನಿ ಇರುವುದು ಹಿಂದಿನ ತೊಟ್ಟಿಯ ಕೆಳಗೆ ಸರಪಳಿಯಲ್ಲಿ ತೂಗುತ್ತ. ಹೊಸ ಅಳತೆಯದು ಅಲ್ಲಿ ಕೂತಿತು, ಮೂವತ್ತಮೂರು ಕೂರುವುದು ಕಷ್ಟವಿತ್ತು.

ಸ್ಪೀಡೊಮೀಟರಿನ ಲೆಕ್ಕ ಒಂದು ತಮಾಷೆಯಂತೆ ಮುಗಿಯಿತು. ಕಂಪನಿಯ ಟೈರಿನಲ್ಲಿ ಮೀಟರು 100 ತೋರಿಸುವಾಗ ಫೋನಿನ ಜಿ.ಪಿ.ಎಸ್. 96 ಎನ್ನುತ್ತಿತ್ತು; ಮೀಟರುಗಳು ನಿಜಕ್ಕಿಂತ ಕಡಿಮೆ ತೋರಿಸುವಂತಿಲ್ಲವಾದ್ದರಿಂದ ಎಲ್ಲ ಕಂಪನಿಗಳೂ ಸ್ವಲ್ಪ ಹೆಚ್ಚೇ ಬರುವಂತೆ ಹೊಂದಿಸಿರುತ್ತವೆ. ಹೊಸ ಟೈರು ಶೇ 3.6ರಷ್ಟು ದೊಡ್ಡದು, ಹಾಗಾಗಿ ಈಗ ಎರಡೂ ಹೆಚ್ಚುಕಡಿಮೆ ಒಂದೇ. ಆದರೆ ಓಡಿದ ದೂರ ತೋರಿಸುವ ಅಂಕಿ ಮೊದಲು ಸರಿಯಾಗಿತ್ತು, ಅದೀಗ ಹಿಂದೆ ಬಿದ್ದಿದೆ. ಅದು ಹತ್ತು ಸಾವಿರ ಎನ್ನುವಾಗ ಗಾಡಿ 10,360 ಓಡಿರುತ್ತದೆ. ದೊಡ್ಡ ಟೈರು ಹಾಕಿದ ಮೇಲೆ ಮೈಲೇಜು ಬಿದ್ದೇಹೋಯಿತು ಎಂದು ಕೊರಗುವವರು ಈ ತಿದ್ದುಪಡಿಯನ್ನು ಮರೆಯುತ್ತಾರೆ. ನನ್ನದು ಲೀಟರಿಗೆ 11.8 ಇದ್ದದ್ದು ಮೀಟರಿನ ಪ್ರಕಾರ 10.9ಕ್ಕೆ ಇಳಿಯಿತು, ತಿದ್ದಿದರೆ 11.3. ಕಳೆದುಕೊಂಡದ್ದು ಒಂದಲ್ಲ, ಅರ್ಧ. ಆ ಅರ್ಧವೂ ಡೀಸೆಲ್ಲೇ, ಸುಳ್ಳೇನಲ್ಲ.

ಟೈರು ಮುಗಿದ ಮೇಲೆ ಸಾಮಾನುಗಳ ಸಂತೆ. ಕಬ್ಬಿಣದ ಬಂಪರು, ಸಿಕ್ಕಿಬಿದ್ದ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ವಿಂಚು, ಸ್ನಾರ್ಕೆಲ್, ತೊಟ್ಟಿಗೆ ಮುಚ್ಚಿಗೆ, ತಳಕ್ಕೆ ತಗಡು, ಪಕ್ಕಕ್ಕೆ ಕಲ್ಲು ತಡೆಯುವ ಪೈಪು, ತಲೆಯ ಮೇಲೆ ದೀಪದ ಸಾಲು. ಇಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆರ್‌ಸಿಯಲ್ಲಿರುವ ಎರಡು ಅಂಕಿಗಳು: ಖಾಲಿ ಗಾಡಿಯ ತೂಕ ಮತ್ತು ಭಾರ ಸಮೇತ ಇರಬಹುದಾದ ಗರಿಷ್ಠ ತೂಕ. ಇವೆರಡರ ನಡುವಿನ ವ್ಯತ್ಯಾಸ ಐನೂರು ಕೆ.ಜಿ. ಕೂಡ ಇಲ್ಲ. ಐದು ಜನ ಕೂತರೆ ಮುನ್ನೂರೈವತ್ತು ಅಲ್ಲಿಗೇ ಹೋಯಿತು. ಫೈಬರ್ ಮುಚ್ಚಿಗೆ ಅರವತ್ತು ಎಪ್ಪತ್ತು, ಉಕ್ಕಿನ ಹಗ್ಗದ ವಿಂಚು ನಲವತ್ತು, ಅದನ್ನು ಹೊರುವ ಬಂಪರು ಅಷ್ಟೇ ಅಥವಾ ಇನ್ನೂ ಹೆಚ್ಚು ಎಂದು ಸೇರಿಸುತ್ತ ಹೋದರೆ ಎಲ್ಲ ಸಾಮಾನು ಹಾಕಿಸಿದ ಪಿಕಪ್ಪಿನಲ್ಲಿ ಒಂದು ಚೀಲ ಮೆಣಸಿಗೂ ಜಾಗ ಉಳಿಯುವುದಿಲ್ಲ. ತೊಟ್ಟಿ ದೊಡ್ಡದಾಗಿ ಕಾಣುತ್ತದೆ, ಹಾಗಾಗಿ ಈ ಲೆಕ್ಕ ಯಾರ ಕಣ್ಣಿಗೂ ಬೀಳುವುದಿಲ್ಲ.

ಬಂಪರಿಗೆ ಕಾನೂನಿನ ತಡೆಯೂ ಇದೆ. ಗಾಡಿಯ ಮುಂದೆ ಕಬ್ಬಿಣದ ಕ್ರ್ಯಾಶ್ ಗಾರ್ಡ್ ಹಾಕಬಾರದೆಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲಿಯೇ ರಾಜ್ಯಗಳಿಗೆ ಬರೆದಿದೆ. ಅಡ್ಡ ಬಂದ ಪಾದಚಾರಿಗೆ ಅದರ ಪೆಟ್ಟು ಜೋರು, ಒಳಗಿರುವವರಿಗೂ ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ಹೊತ್ತು ತಪ್ಪಬಹುದು. ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ಪ್ರಕಾರ ತಯಾರಕರು ನಿಗದಿ ಮಾಡಿದ ವಿವರಗಳು ಬದಲಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ; ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿಯಿಲ್ಲದ ಒಂದೊಂದು ಮಾರ್ಪಾಟಿಗೂ ಮಾಲೀಕನಿಗೆ ಐದು ಸಾವಿರ ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಎಂದಾಯಿತು. ಮಳೆಗಾಲದ ಆಫ್‌ರೋಡ್ ಸ್ಪರ್ಧೆಗಳಲ್ಲಿ ಕಾಣುವ ಗಾಡಿಗಳನ್ನು ಈ ಮಾತಿನ ಪಕ್ಕ ಇಟ್ಟು ನೋಡಿದರೆ ಕಾಯ್ದೆ ಒಂದು ಊರಿನಲ್ಲಿ, ಗಾಡಿಗಳು ಇನ್ನೊಂದು ಊರಿನಲ್ಲಿ ಇದ್ದಂತೆ ಕಾಣುತ್ತದೆ. ನನ್ನ ಮಟ್ಟಿಗೆ ಹೇಳುವುದಾದರೆ, ನನ್ನ ಟೈರು ಮೂಲ ಅಳತೆಗಿಂತ ದೊಡ್ಡದು ಎಂಬುದನ್ನು ನಾನು ಮುಚ್ಚಿಟ್ಟಿಲ್ಲ. ವಿಮೆ ನವೀಕರಿಸುವಾಗ ಹಾಕಿಸಿದ್ದೆಲ್ಲವನ್ನೂ ಬರೆದುಕೊಟ್ಟಿದ್ದೇನೆ.

ಸ್ನಾರ್ಕೆಲ್ ಕೈಬಿಟ್ಟೆ. ಎಂಜಿನ್ನಿಗೆ ಗಾಳಿ ಎಳೆಯುವ ಬಾಯನ್ನು ಚಾವಣಿಯ ಎತ್ತರಕ್ಕೆ ಒಯ್ಯುವ ಈ ಕೊಳವೆ ಕೆಸರು ಮತ್ತು ದೂಳಿಗೆ ಒಳ್ಳೆಯದೇ, ಆದರೆ ಹಾಕಿಸಿದೊಡನೆ ಗಾಡಿ ಎಮ್ಮೆಯಂತೆ ನೀರಿಗಿಳಿಯಬಹುದು ಎಂದುಕೊಳ್ಳುವುದು ತಪ್ಪು. ಕಂಪನಿ ಹೇಳುವ 700 ಮಿಲಿಮೀಟರಿನ ಮಿತಿ ಗಾಳಿಯ ಬಾಯಿಯೊಂದರದ್ದಲ್ಲ, ವಿದ್ಯುತ್ ಕನೆಕ್ಟರುಗಳದ್ದೂ ಹೌದು, ಗೇರ್‌ಬಾಕ್ಸ್ ಮತ್ತು ಆ್ಯಕ್ಸಲ್ಲಿನ ಉಸಿರಾಟದ ಕೊಳವೆಗಳದ್ದೂ ಹೌದು. ಓಡಿ ಬಿಸಿಯಾದ ಆ್ಯಕ್ಸಲ್ಲು ತಣ್ಣನೆಯ ಹಳ್ಳಕ್ಕಿಳಿದೊಡನೆ ಒಳಗಿನ ಗಾಳಿ ಕುಗ್ಗಿ ಆ ಕೊಳವೆಯಿಂದ ನೀರೆಳೆದುಕೊಳ್ಳುತ್ತದೆ, ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಕೆಲವೇ ನೂರು ರೂಪಾಯಿಯ ರಬ್ಬರ್ ಪೈಪು ಸೇರಿಸಿ ಅವುಗಳ ತುದಿಯನ್ನು ಮೇಲಕ್ಕೊಯ್ದು ಕಟ್ಟಿಸಿದೆ. ನಾನು ಖರ್ಚು ಮಾಡಿದ್ದರಲ್ಲಿ ಅತಿ ಕಡಿಮೆ ಬೆಲೆಯದೂ ಅತಿ ಉಪಯೋಗದ್ದೂ ಇದೇ ಇರಬೇಕು. ವಿಂಚಿನ ಬದಲು ಮುಂದೆ ಹಿಂದೆ ಚಾಸಿಗೆ ಬೋಲ್ಟಾಗುವ ಗಟ್ಟಿಯಾದ ಎಳೆಯುವ ಕೊಕ್ಕೆಗಳನ್ನೂ, ಲಿವರ್ ಜಗ್ಗಿ ಎಳೆಯುವ ಒಂದು ಹ್ಯಾಂಡ್ ವಿಂಚನ್ನೂ ಇಟ್ಟುಕೊಂಡೆ. ಕಂಪನಿ ಕೊಟ್ಟಿರುವ ತೆಳು ಬಳೆಗಳು ಗಾಡಿಯನ್ನು ಲಾರಿಯ ಮೇಲೆ ಕಟ್ಟಿ ಸಾಗಿಸಲು ಮಾಡಿದವು, ಕೆಸರಿನಿಂದ ಎಳೆಯಲಲ್ಲ. ಹಗ್ಗ ಬಿಗಿದಾಗ ಅವು ಕಿತ್ತುಬಂದರೆ ಗುಂಡಿನಂತೆ ಹಾರುತ್ತವೆ.

ದೀಪಗಳ ವಿಷಯದಲ್ಲಿ ಮಾತ್ರ ಮೋಸಹೋದೆ. ಮಂಜಿನ ರಾತ್ರಿಗಳಿಗಾಗಿ ಕೆಳಗೆ ಎರಡು ಹಳದಿ ದೀಪ ಸಾಕೆಂದು ಬೆಂಗಳೂರಿನ ಒಂದು ಅಂಗಡಿಯಲ್ಲಿ ಹಾಕಿಸಿದೆ, ಒಂದೊಂದು 60 ವ್ಯಾಟಿನದು. ಎರಡು ವಾರದ ಮೇಲೆ ಒಂದು ಸಂಜೆ ಮಾರನಹಳ್ಳಿ ದಾಟುತ್ತಿದ್ದಂತೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು. ಬಾನೆಟ್ ಎತ್ತಿ ನೋಡಿದರೆ, ಬ್ಯಾಟರಿಯಿಂದ ಹೊರಟ ತಂತಿ ಫ್ಯೂಸೇ ಇಲ್ಲದೆ ನೇರವಾಗಿ ಸ್ವಿಚ್ಚಿಗೆ ಹೋಗಿತ್ತು. ಆ ತಂತಿಯೋ, ದೀಪಾವಳಿಯ ಸರಕ್ಕೆ ಸಾಕಾಗುವಷ್ಟು ದಪ್ಪದ್ದು. 120 ವ್ಯಾಟಿಗೆ 12 ವೋಲ್ಟಿನಲ್ಲಿ ಹತ್ತು ಆಂಪಿಯರ್ ಹರಿಯುತ್ತದೆ, ಅದನ್ನು ತಡೆಯದೆ ತಂತಿಯ ಹೊದಿಕೆ ಮೆತ್ತಗಾಗಿ ಲೋಹದ ಅಂಚಿಗೆ ಅಂಟಿಕೊಂಡಿತ್ತು. ಬ್ಯಾಟರಿಯ ಕಡೆಯಿಂದ ಆ ತಂತಿಯ ತುದಿ ಬಿಚ್ಚಿ, ಕತ್ತಲಲ್ಲಿ ಹೆಡ್‌ಲೈಟಿನಲ್ಲೇ ಮನೆ ಸೇರಿದೆ. ಮರುದಿನ ನಮ್ಮ ಊರಿನ ಎಲೆಕ್ಟ್ರಿಷಿಯನ್, ಪಂಪ್‌ಸೆಟ್ ರಿಪೇರಿ ಮಾಡುವವರು, ದಪ್ಪ ತಂತಿ, ರಿಲೇ, ಬ್ಯಾಟರಿಯ ಪಕ್ಕದಲ್ಲೇ 15 ಆಂಪಿಯರಿನ ಫ್ಯೂಸು ಹಾಕಿ ಎಲ್ಲವನ್ನೂ ಹೊಸದಾಗಿ ಎಳೆದುಕೊಟ್ಟರು. “ಮೋಟಾರಿಗೆ ಮಾಡಿದ ಹಾಗೇ ಮಾಡಿದ್ದೀನಿ ಸಾರ್, ಇದರಲ್ಲಿ ಹೊಸ ವಿದ್ಯೆ ಏನಿಲ್ಲ” ಎಂದರು.

ಅಮ್ಮನಿಗೆ ಇದ್ಯಾವುದೂ ಕಾಣಲಿಲ್ಲ, ಹದಿನಾಲ್ಕು ಮಿಲಿಮೀಟರ್ ಮಾತ್ರ ಕಂಡಿತು. ಮೊದಲೇ ಎತ್ತರವಿದ್ದ ಗಾಡಿ ಈಗ ಇನ್ನೂ ಎತ್ತರವಾಯಿತೆಂದು ಮೊದಲ ದಿನವೇ ಹೇಳಿದರು. ಟೈರು ಬದಲಾದ ಸಂಗತಿಯನ್ನು ನಾನು ಇನ್ನೂ ತಿಳಿಸಿರಲಿಲ್ಲ. ಪಕ್ಕಕ್ಕೆ ಕಲ್ಲು ತಡೆಯುವ ಪೈಪು ಹಾಕಿಸುವ ಯೋಚನೆಯನ್ನು ಅಂದೇ ಬಿಟ್ಟು ಕಂಪನಿಯ ಮೆಟ್ಟಿಲನ್ನೇ ಉಳಿಸಿಕೊಂಡೆ. ಅದಕ್ಕೂ ಕಾಲು ಎಟುಕದ ದಿನಗಳಿಗೆಂದು ಅಡುಗೆಮನೆಯ ಹಲಸಿನ ಮಣೆಯೊಂದು ಈಗ ಹಿಂದಿನ ಸೀಟಿನ ಕೆಳಗಿದೆ.

ಈ ವರ್ಷದ ಜುಲೈ ಮೊದಲ ವಾರ ಹಳ್ಳ ದಾಟಿ ಏರಿನ ಬುಡಕ್ಕೆ ಬಂದಾಗ ಸಂಜೆ ಐದೂವರೆ. ಮೊದಲ ಸಲ ಹತ್ತಲು ಹೋಗಿ ಅರ್ಧದಿಂದ ಹಿಂದಕ್ಕೆ ಜಾರಿದೆ. ಇಳಿದು ನಾಲ್ಕೂ ಟೈರಿನ ಗಾಳಿಯನ್ನು 20 ಪಿ.ಎಸ್.ಐ.ಗೆ ಇಳಿಸಿದೆ, ಎತ್ತರದ ರಬ್ಬರ್ ಗೋಡೆ ಹೊಟ್ಟೆ ಬಿಟ್ಟುಕೊಂಡು ಕೂತಿತು, ನೆಲಕ್ಕೆ ತಾಗುವ ಪಟ್ಟಿ ಉದ್ದವಾಯಿತು. ನಾಲ್ಕೂ ಚಕ್ರವನ್ನು ನಿಧಾನವಾಗಿ, ಹೆಚ್ಚು ಬಲದಿಂದ ತಿರುಗಿಸುವ 4ಎಲ್ ಹಾಕಿ, ಎರಡನೆಯ ಗೇರಿನಲ್ಲಿ ಆ್ಯಕ್ಸಿಲರೇಟರ್ ಮುಟ್ಟದಂತೆ ಬಿಟ್ಟೆ. ಬಲದ ಚರಂಡಿಯ ಕಡೆಗೆ ಒಂದು ಬಾರಿ ವಾಲಿ, ಸಿಲ್ವರ್ ಓಕ್ ಮರದ ಬೇರು ಸಿಕ್ಕಿದೊಡನೆ ಹಿಡಿದುಕೊಂಡು, ಗಾಡಿ ಮೇಲೆ ಬಂತು. ಅಲ್ಲಿಂದ ಮನೆ ಕಾಣುತ್ತದೆ. ಆದರೆ ಮೆತ್ತಗಿನ ಟೈರಿನಲ್ಲಿ ಜಲ್ಲಿಯ ಮೇಲೆ ಓಡಿಸಿದರೆ ರಿಮ್ಮಿನಿಂದ ಟೈರು ಕಳಚುವ ಭಯ, ಹಾಗಾಗಿ ಅಲ್ಲೇ ನಿಂತು ಕಂಪ್ರೆಸರ್ ಹಚ್ಚಿದೆ. ಒಂದೊಂದು ಟೈರಿಗೆ ನಾಲ್ಕು ನಿಮಿಷ. ಮೂರನೆಯದು ಮುಗಿಯುವಷ್ಟರಲ್ಲಿ ಎಡಗಾಲಿನಲ್ಲಿ ಎರಡು, ಬಲಗಾಲಿನ ಬೆರಳ ಸಂದಿಯಲ್ಲಿ ಒಂದು ಇಂಬಳ, ಅಂದರೆ ಜಿಗಣೆ, ಹತ್ತಿಯಾಗಿತ್ತು. ಟೈರಿನ ಅಂಚಿಗೆ ಬಳಿದು ಉಳಿದಿದ್ದ ಸುಣ್ಣದ ಡಬ್ಬಿ ಡ್ಯಾಶ್‌ಬೋರ್ಡಿನ ಗೂಡಿನಲ್ಲೇ ಇತ್ತು, ತೆಗೆದು ಹಚ್ಚಿಕೊಂಡು ನಾಲ್ಕನೆಯ ಟೈರಿಗೆ ಪೈಪು ಸಿಕ್ಕಿಸಿದೆ.